ಜಿಂಜಮ್ಮನ ಡಬ್ಬಿ

ಹನ್ನೆರಡನೆಯ ಸಾಲಿನ ಗೆರೆಯೂ ಹದಿಮೂರನೆಯ ಸಾಲಿನ ಗೆರೆಯೂ ಒಂದೇ ಎತ್ತರದಲ್ಲಿ ನಿಂತಿದ್ದವು. ಇನ್‌ಸಿಲ್ ಕನ್ನಡಕ ತೆಗೆದು ಬಿಳಿ ಮೇಲಂಗಿಯ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡಳು. ನೀಲಿ ದೀಪದ ಮೇಲಿಟ್ಟ ಜೆಲ್ಲಿಯಂಥ ತೆಳು ಬಿಲ್ಲೆಯಲ್ಲಿ ಗೆರೆಗಳು ಇದ್ದಲ್ಲೇ ಇದ್ದವು. ಉಳಿದ ಸಾಲುಗಳಲ್ಲಿ ಹುಳವಿದ್ದವರ ಗೆರೆಗಳೆಲ್ಲ ಕೆಳಗೆ, ಸೊಂಜಿನ್ ಹೊಳೆಯ ಹುಳಕ್ಕೆ ಗೊತ್ತಾದ ಜಾಗದಲ್ಲಿದ್ದವು. ಈ ಎರಡು ಮಾತ್ರ ಬೆರಳಗಲ ಮೇಲೆ. ಆ ಎತ್ತರ ಯಾವ ಹುಳದ್ದೆಂದು ತಿಳಿಯಲು ಅವಳು ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ನೋಡಬೇಕಾಗಿರಲಿಲ್ಲ. ಆದರೂ ಎದ್ದು ಹೋಗಿ ನೋಡಿದಳು.

ದಕ್ಷಿಣದ ಹುಳ. ಲಾವೋಸ್, ಥಾಯ್ ನಾಡು, ವಿಯೆಟ್ನಾಮಿನ ಕೆಳಗಿನ ಸೀಮೆ, ಅಲ್ಲಿಯ ಹೊಳೆಗಳದ್ದು. ಕೊರಿಯಾದ ಯಾವ ಹೊಳೆಯಲ್ಲೂ ಅದು ಇಲ್ಲ.

ಇಪ್ಪತ್ತೈದು ವರ್ಷ ಅವಳು ಈ ಆರೋಗ್ಯ ಕೇಂದ್ರದ ಸೂಕ್ಷ್ಮದರ್ಶಕದ ಮುಂದೆ ಕೂತು ಹೊಳೆಸಾಲಿನ ಊರುಗಳ ಮಲ ಪರೀಕ್ಷೆ ಮಾಡಿದ್ದಳು. ಅದರ ಕೆಳಗೆ ಎರಡೂ ಹುಳಗಳ ಮೊಟ್ಟೆ ಒಂದೇ, ಮುಚ್ಚಳವಿರುವ ಪುಟ್ಟ ಹೂಜಿಯ ಆಕಾರ. ಯಾವ ಊರಿನ ಹೂಜಿ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಮೊಟ್ಟೆ ಕಡಿಮೆಯಿದ್ದರೆ ಕಣ್ಣಿಗೆ ಬೀಳುವುದೂ ಇಲ್ಲ. ಸಾಂಕ್ರಾಮಿಕದ ಕಾಲದಲ್ಲಿ ಬಂದು, ಅದು ಮುಗಿದ ಮೇಲೆ ಮುಸುಕು ಹಾಕಿಕೊಂಡು ಕೂತಿದ್ದ ಪಿಸಿಆರ್ ಯಂತ್ರವನ್ನು ಈ ವರ್ಷ ಹುಳದ ಕೆಲಸಕ್ಕೆ ಇಳಿಸಿದ್ದರು. ಹುಳದ ಡಿಎನ್‌ಎಯ ಒಂದು ಚೂರು ಸಿಕ್ಕಿದರೆ ಸಾಕು, ಯಂತ್ರ ಅದನ್ನು ಕೋಟಿಯಾಗಿ ಬೆಳೆಸುತ್ತದೆ. ಒಂದೊಂದು ಹುಳದ ಚೂರಿಗೂ ಒಂದೊಂದು ಉದ್ದ. ಬಿಲ್ಲೆಯ ಮೇಲೆ ಒಂದೊಂದಕ್ಕೂ ಒಂದೊಂದು ಎತ್ತರ.

ಹದಿಮೂರನೆಯ ಸಾಲಿನ ಮಲದ ಡಬ್ಬಿ ಟ್ರಾನ್ ಥಿ ಹ್ವಾಯ್‌ಳದು, ವಯಸ್ಸು ಮೂವತ್ತನಾಲ್ಕು. ವಿಯೆಟ್ನಾಮಿನಿಂದ ಹನ್ನೊಂದು ವರ್ಷದ ಹಿಂದೆ ಮದುವೆಯಾಗಿ ಬಂದವಳು. ಅವಳ ಹೊಟ್ಟೆಯಲ್ಲಿ ಈ ಹುಳ ಇದ್ದರೆ ಸೋಜಿಗವಿಲ್ಲ. ಅದು ಇಪ್ಪತ್ತು ವರ್ಷ ಬದುಕುವ ಹುಳ. ಹನ್ನೆರಡನೆಯದು ಅವಳ ಅತ್ತೆಯದು. ಹಾ ಬೊಂಗ್‌ನಿಮ್, ಅರವತ್ತೆಂಟು. ಜಿಂಜು ಊರಿನಿಂದ ಬಂದ ಸೊಸೆಯಾದ್ದರಿಂದ ಹಳ್ಳಿಗೆಲ್ಲ ಜಿಂಜಮ್ಮ. ಅದೇ ಲೆಕ್ಕದಲ್ಲಿ ಹ್ವಾಯ್‌ಳನ್ನು ಹನೋಯಮ್ಮ ಎಂದು ಕರೆಯುತ್ತಿದ್ದರು.

ಮೊದಲು ಇನ್‌ಸಿಲ್‌ಗೆ ಹೊಳೆದದ್ದು ತನ್ನ ತಪ್ಪೇ. ಒಂದು ಡಬ್ಬಿಯದು ಇನ್ನೊಂದಕ್ಕೆ ತಾಗಿರಬೇಕು, ಪಕ್ಕಪಕ್ಕದಲ್ಲಿದ್ದವು. ಕೈಗವಸು ಬದಲಾಯಿಸಿದ್ದೆನೆ? ಬದಲಾಯಿಸಿದ್ದಳು. ಮತ್ತೊಮ್ಮೆ ಎರಡೂ ಡಬ್ಬಿಗಳಿಂದ ಹೊಸದಾಗಿ ತೆಗೆದು, ಒಂದನ್ನು ಸಾಲಿನ ತಲೆಗೆ, ಇನ್ನೊಂದನ್ನು ಬಾಲಕ್ಕೆ ಇಟ್ಟು, ನಡುವೆ ಬರೀ ನೀರಿನ ಮೂರು ಕೊಳವೆ ಇಟ್ಟು ಮಾಡಿದಳು. ನೀರಿನ ಸಾಲುಗಳು ಖಾಲಿ ಬಂದವು. ಆ ಎರಡು ಗೆರೆ ಮತ್ತೆ ಅಲ್ಲೇ ನಿಂತವು.

ಈ ಹುಳ ಒಬ್ಬರಿಂದ ಒಬ್ಬರಿಗೆ ಅಂಟುವುದಲ್ಲ. ಮೊಟ್ಟೆ ನೀರಿಗೆ ಬಿದ್ದು, ಆ ಸೀಮೆಯ ಬಸವನಹುಳುವಿನ ಒಳಗೆ ಬೆಳೆದು, ಅಲ್ಲಿಂದ ಮೀನಿಗೆ ಸೇರಿ, ಆ ಮೀನನ್ನು ಹಸಿಯಾಗಿ ತಿಂದವರಿಗೆ ಮಾತ್ರ ಬರಬೇಕು. ಇನ್‌ಸಿಲ್ ಹತ್ತು ವರ್ಷದ ದಾಖಲೆ ತೆಗೆದಳು. ಅತ್ತೆ ಇಲ್ಲ, ಸೊಸೆ ಇಲ್ಲ. ಅತ್ತೆ ಇಲ್ಲ, ಸೊಸೆ ಇಲ್ಲ. ಎಲ್ಲ ಅವಳದೇ ಕೈಬರಹ. ಊರಿನ ಅರ್ಧಕ್ಕರ್ಧ ಜನರ ಹೊಟ್ಟೆಯಲ್ಲಿ ಹುಳ ಸಿಕ್ಕಿದ ವರ್ಷದಲ್ಲೂ, ಎಲ್ಲರಿಗಿಂತ ಹೆಚ್ಚು ಹಸಿಮೀನು ತಿನ್ನುವ ಜಿಂಜಮ್ಮನಿಗೆ ಇಲ್ಲ.

ಅಂದರೆ ಅತ್ತೆಯ ಡಬ್ಬಿಯಲ್ಲಿ ಬರುತ್ತಿದ್ದದ್ದೂ ಸೊಸೆಯದೇ. ಆ ಹೆಂಗಸಿನದನ್ನು ತಾನು ಒಮ್ಮೆಯೂ ನೋಡಿಯೇ ಇಲ್ಲ.

ಕುರ್ಚಿಯಲ್ಲಿ ಕೂತಲ್ಲೇ ಅವಳಿಗೆ ಕಳೆದ ತಿಂಗಳು ಡಬ್ಬಿ ತರಲು ಹೋದಾಗ ಕಂಡದ್ದು ನೆನಪಾಯಿತು. ಜಿಂಜಮ್ಮ ಮಾತಾಡುತ್ತಾ ಮಾತಾಡುತ್ತಾ ಮುಂಗೈ ಕೆರೆದುಕೊಳ್ಳುತ್ತಿದ್ದಳು. ಮೊಳಕೈವರೆಗೂ ಉಗುರಿನ ಗೀರುಗಳಿದ್ದವು. ಕೇಳಿದ್ದಕ್ಕೆ ‘ಚರ್ಮ ಒಣಗಿದೆ ಕಣಮ್ಮ, ವಯಸ್ಸಾಯ್ತಲ್ಲ’ ಎಂದಿದ್ದಳು. ಈ ಹುಳ ಮನೆಮಾಡುವ ಜಾಗ, ಪಿತ್ತ ಇಳಿಯುವ ದಾರಿ, ಕಟ್ಟಿಕೊಂಡರೂ ಹೀಗೇ ಮೈ ನವೆಯೇಳುತ್ತದೆ. ಮೂರು ವರ್ಷದ ಹಿಂದೆ ಅವಳ ಗಂಡ ಹೋದದ್ದು ಹುಳದಿಂದಾದ ಪಿತ್ತನಾಳದ ಕ್ಯಾನ್ಸರ್ ಗಂಟಿನಿಂದಲೇ. ಅವನಿಗೂ ಮೊದಲು ಶುರುವಾದದ್ದು ನವೆ.

ಹೊಟ್ಟೆಯ ಸ್ಕ್ಯಾನ್ ಮಾಡುವ ಡಾಕ್ಟರು ಈ ಕೇಂದ್ರಕ್ಕೆ ವರ್ಷಕ್ಕೆ ಎರಡೇ ಸಲ ಬರುವುದು. ಈ ಸಲದ್ದು ಬರುವ ಗುರುವಾರ. ಹುಳ ಇದೆಯೆಂದು ಗೊತ್ತಾದವರ ಹೆಸರು ಪಟ್ಟಿಗೆ ಸೇರುತ್ತದೆ. ಹನ್ನೆರಡನೆಯ ಗೆರೆಯ ಬಲದ ಮೇಲೆ ಜಿಂಜಮ್ಮನ ಹೆಸರನ್ನೂ ಸೇರಿಸಿ ಸುಮ್ಮನಿರಬಹುದಿತ್ತು. ಆದರೆ ಹುಳ ಯಾರದ್ದೆಂದು ಜಿಂಜಮ್ಮನಿಗೆ ಗೊತ್ತಿದೆ. ಅವಳು ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ಇನ್‌ಸಿಲ್ ಹೇಳಬೇಕಾದ ಮಾತನ್ನು ಮೂರು ಬಗೆಯಲ್ಲಿ ಒಂದು ಚೀಟಿಯಲ್ಲಿ ಬರೆದು, ಮೂರನ್ನೂ ಹೊಡೆದುಹಾಕಿ, ಕಾರು ಹತ್ತಿದಳು.

ಚಹಾ ತೋಟಗಳಲ್ಲಿ ಮೊದಲ ಚಿಗುರು ಕೀಳುವ ವಾರವಾಗಿತ್ತು. ಊರಿನ ಹೆಂಗಸರೆಲ್ಲ ಗುಡ್ಡದ ಮೇಲಿದ್ದರು. ಜಿಂಜಮ್ಮ ಮಾತ್ರ ಅಂಗಳದಲ್ಲಿ ಹಾಕಿದ್ದ ಅಗಲವಾದ ಮರದ ಮಂಚದ ಮೇಲೆ ಕಾಲು ಮಡಚಿ ಕೂತು, ಬೆಳಿಗ್ಗೆ ಬಲೆಗೆ ಬಿದ್ದ ಗೆಂಡೆಮೀನುಗಳನ್ನು ಕಾಗದದಷ್ಟು ತೆಳ್ಳಗೆ ಹೆಚ್ಚುತ್ತಿದ್ದಳು. ಎದುರಿಗೆ ಊರ ಯಜಮಾನ ಬೇ ದೊಕ್‌ಸು, ಪಕ್ಕದಲ್ಲಿ ಅರ್ಧ ಖಾಲಿಯಾದ ಸೋಜು ಸಾರಾಯಿಯ ಬಾಟಲಿ.

“ಹುಳದ ಮೇಡಂ ಬಂದ್ರು!” ಯಜಮಾನ ತನ್ನ ಹೊಟ್ಟೆಯನ್ನು ತಟ್ಟಿಕೊಂಡ. “ಸದ್ದು ಮಾಡ್ಬೇಡ್ರೋ, ಎಲ್ಲಾ ಮಲಕ್ಕೊಂಡ್ಬಿಡಿ!”

“ಕೂತ್ಕೊ ಬಾಮ್ಮ,” ಜಿಂಜಮ್ಮ ಒಂದು ತುಂಡನ್ನು ಹುಳಿಮೆಣಸಿನ ಗೊಜ್ಜಿನಲ್ಲಿ ಅದ್ದಿ, ಎಲೆಯಲ್ಲಿ ಸುತ್ತಿ ಚಾಚಿದಳು. “ಬಾಯಿ ತೆಗಿ.”

“ಹಲ್ಲು ನೋವು, ಅಮ್ಮಾ.”

“ಇಪ್ಪತ್ತೈದು ವರ್ಷದಿಂದ ಒಂದೇ ಹಲ್ಲಾ? ಕೀಳಿಸ್ಕೊಂಡ್ಬಿಡಬಾರದಾ?”

ಯಜಮಾನ ನಕ್ಕು ಆ ತುತ್ತನ್ನು ತಾನೇ ಇಸಿದುಕೊಂಡ. “ಅವರಿಗೆ ಹಲ್ಲು ನೋವಲ್ಲ ಜಿಂಜಮ್ಮ, ಭಯ. ಏನು ಮೇಡಂ, ನೀವೇ ಬರ್ಕೊಟ್ಟಿದೀರಲ್ಲ ಹತ್ತು ವರ್ಷದಿಂದ, ಇವಳಿಗೆ ಹುಳ ಇಲ್ಲ ಅಂತ? ನನ್ನ ಮೂರರಷ್ಟು ತಿಂತಾಳೆ. ಸೋಜು ಮೇಲೆ ಸೋಜು, ಬೆಳ್ಳುಳ್ಳಿ ಮೇಲೆ ಬೆಳ್ಳುಳ್ಳಿ. ಹುಳ ಎಲ್ಲಿ ಉಳಿಯುತ್ತೆ? ಆಚೆ ಊರೋರು ತಿನ್ನೋಕೆ ಹೆದರಿದ್ರೆ ನಾನು ಹೇಳೋದು ಒಂದೇ ಮಾತು: ನಮ್ಮ ಜಿಂಜಮ್ಮನ್ನ ನೋಡ್ರೋ.”

ಇನ್‌ಸಿಲ್ ಮಂಚದ ತುದಿಯಲ್ಲಿ ಕೂತಳು. ತಾನು ಬರೆದ ‘ಇಲ್ಲ’ಗಳು ಈ ಊರಿನಲ್ಲಿ ಏನು ಕೆಲಸ ಮಾಡುತ್ತಿದ್ದವೆಂದು ಅವಳಿಗೆ ಈಗ ಕಾಣಿಸಿತು. ಜಿಂಜಮ್ಮನ ತೋಳು ನೋಡಿದಳು. ಈ ಬೆಚ್ಚಗಿನ ದಿನದಲ್ಲೂ ಉದ್ದ ತೋಳಿನ ಅಂಗಿ. ಬಲಗೈ ಹೆಚ್ಚುತ್ತಿತ್ತು. ಎಡಗೈ ಮೀನು ಹಿಡಿದಿದ್ದರೂ ಆಗಾಗ ಮಣಿಕಟ್ಟನ್ನು ಮೊಣಕಾಲಿಗೆ ಉಜ್ಜಿಕೊಳ್ಳುತ್ತಿತ್ತು.

“ನಮ್ಮ ಕಾಲದಲ್ಲಿ ಇಷ್ಟೆಲ್ಲಾ ಡಬ್ಬಿ ಎಲ್ಲಿತ್ತು ಮೇಡಂ,” ಯಜಮಾನ ಬಟ್ಟಲು ತುಂಬಿಸಿಕೊಂಡ. “ಸ್ಕೂಲಲ್ಲಿ ಕಾಗದದ ಚೀಲ ಕೊಡೋರು. ತರ್ಲಿಲ್ಲ ಅಂದ್ರೆ ಏಟು. ನಾನೊಂದ್ಸಲ ನಮ್ಮನೆ ನಾಯಿದು ಹಾಕ್ಕೊಂಡು ಹೋದೆ. ಮೇಷ್ಟ್ರು ಎಲ್ಲರ ಮುಂದೆ ನಿಲ್ಲಿಸಿ, ‘ದೊಕ್‌ಸು, ಈ ದೇಶದಲ್ಲಿ ಯಾವ ಮನುಷ್ಯನಿಗೂ ಇಲ್ದಿರೋ ಹುಳ ನಿನಗಿದೆ’ ಅಂದ್ರು.”

ಅವನು ನಕ್ಕ. ಜಿಂಜಮ್ಮ ನಗಲಿಲ್ಲ. ಚಾಕುವಿನ ಸದ್ದು ಸ್ವಲ್ಪ ಜೋರಾಯಿತು.

“ಅಮ್ಮಾ,” ಇನ್‌ಸಿಲ್ ಆದಷ್ಟು ಹಗುರವಾಗಿ ಕೇಳಿದಳು, “ಸೊಸೆಯ ತವರಿಗೆ ಯಾವತ್ತಾದ್ರೂ ಹೋಗಿದ್ರಾ? ಮಗನ ಮದುವೇಲಿ?”

“ನಾನಾ? ವಿಮಾನದಲ್ಲಾ? ಜೆಜು ದ್ವೀಪಕ್ಕೆ ಅಂತ ಹಡಗು ಹತ್ತಿ, ಬಂದರು ದಾಟೋಕೆ ಮುಂಚೆ ಕರುಳು ಬಾಯಿಗೆ ಬಂತು. ಅವನೊಬ್ಬನೇ ಹೋಗಿ ಕಟ್ಕೊಂಡು ಬಂದ. ಯಾಕೆ?”

“ಹಾಗೇ ಕೇಳ್ದೆ. ಅವರ ಕಡೆಯಿಂದ ಮೀನುಗೀನು ಕಳಿಸ್ತಾರಾ?”

“ಮೀನಿನ ರಸದ ಬಾಟಲಿ ಕಳಿಸ್ತಾರೆ. ಮೊದಲ ವರ್ಷ ಬಾಗಿಲಾಚೆ ಇಡಿಸಿದ್ದೆ, ಆ ವಾಸನೆಗೆ. ಈಗ ನಂಗೇ ಅದಿಲ್ದೆ ಸೊಪ್ಪು ಬೇಯ್ಸೋಕಾಗಲ್ಲ.”

ಹಸಿಮೀನು ಬರುತ್ತಿರಲಿಲ್ಲ, ಅಷ್ಟೇ ಬೇಕಾಗಿತ್ತು. ಆದರೆ ಯಜಮಾನ ಕೂತಿರುವವರೆಗೆ ಬಾಯಿ ಬಿಡುವ ಹಾಗಿರಲಿಲ್ಲ. ಅವನ ಮನೆಯ ಮಾಡಿನ ಮೇಲೆ ಊರಿನ ಧ್ವನಿವರ್ಧಕವಿತ್ತು. ಅವನಿಗೆ ಗೊತ್ತಾದದ್ದು ಗುಡ್ಡದ ಆಚೆಗೂ ಗೊತ್ತಾಗುತ್ತಿತ್ತು. ‘ಹನೋಯಮ್ಮ ಪರದೇಶದ ಹುಳ ತಂದಳು’ ಎಂಬುದು ಅವನ ಬಾಯಲ್ಲಿ ಹೇಗೆ ಕೇಳಿಸುತ್ತದೆಂದು ಇನ್‌ಸಿಲ್ ದಾರಿಯುದ್ದಕ್ಕೂ ಕಲ್ಪಿಸಿಕೊಂಡು ಬಂದಿದ್ದಳು. ಅವಳು ತಣ್ಣಗಾದ ಬಾರ್ಲಿ ನೀರನ್ನು ಗುಟುಕು ಗುಟುಕಾಗಿ ಕುಡಿದು ಕಾದಳು. ಕೊನೆಗೆ ಅವನೇ ಗಡಿಯಾರ ನೋಡಿಕೊಂಡು, ಚಹಾ ಕಾರ್ಖಾನೆಯ ಲಾರಿ ಬರುವುದನ್ನು ಕೂಗಿ ಹೇಳಬೇಕೆಂದು ಎದ್ದ. ಬಾಟಲಿಯಲ್ಲಿ ಉಳಿದದ್ದನ್ನು ಮುಚ್ಚಳ ತಿರುಗಿಸಿ ಜೇಬಿಗಿಟ್ಟುಕೊಂಡೇ ಹೋದ.

ಅವನು ಬೇಲಿ ದಾಟುವ ಹೊತ್ತಿಗೆ ಹ್ವಾಯ್ ಗುಡ್ಡದಿಂದ ಇಳಿದು ಬಂದಳು. ಸೊಂಟಕ್ಕೆ ಚಿಗುರಿನ ಬುಟ್ಟಿ, ತಲೆಗೆ ಹೂವಿನ ಬಟ್ಟೆ. ಇನ್‌ಸಿಲ್‌ಳನ್ನು ಕಂಡು ತಲೆಬಾಗಿಸಿ, ಬುಟ್ಟಿ ಇಳಿಸಿ, ನಲ್ಲಿಯ ಕೆಳಗೆ ಕೈ ತೊಳೆಯತೊಡಗಿದಳು.

ಚೀಟಿಯಲ್ಲಿ ಬರೆದುಕೊಂಡಿದ್ದ ಮೂರು ಬಗೆಯಲ್ಲಿ ಒಂದೂ ಇನ್‌ಸಿಲ್‌ಗೆ ನೆನಪಾಗಲಿಲ್ಲ. “ಪರೀಕ್ಷೆ ಮುಗೀತು,” ಎಂದಳು. “ನಿಮ್ಮಿಬ್ಬರ ಡಬ್ಬೀಲೂ ಹುಳ ಇದೆ.”

ಚಾಕು ನಿಂತಿತು. ಜಿಂಜಮ್ಮ ಇನ್‌ಸಿಲ್‌ಳ ಕಡೆ ನೋಡಲೇ ಇಲ್ಲ.

“ಲೇ ಹ್ವಾಯ್,” ಎಂದಳು, “ನಿನ್ನ ಹೊಟ್ಟೇಲಿ ಹುಳ ಇದ್ಯಾ?”

ನಲ್ಲಿಯ ನೀರು ಬೀಳುತ್ತಲೇ ಇತ್ತು. ಹ್ವಾಯ್ ಒದ್ದೆ ಕೈಯಲ್ಲಿ ತಿರುಗಿ ಅತ್ತೆಯನ್ನೂ ಆಮೇಲೆ ಇನ್‌ಸಿಲ್‌ಳನ್ನೂ ನೋಡಿದಳು. ತನ್ನ ಪ್ರಶ್ನೆಯೇ ಗುಟ್ಟು ಬಿಟ್ಟುಕೊಟ್ಟಿತೆಂದು ಜಿಂಜಮ್ಮನಿಗೆ ಆಗ ತಿಳಿಯಿತು. ಮುಖ ನಿಧಾನವಾಗಿ ಕೆಂಪೇರಿತು, ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

“ಯಾವ ಹುಳ?” ಇನ್‌ಸಿಲ್‌ಳನ್ನು ಕೇಳಿದಳು. “ನಮ್ಮನೆಯವ್ರನ್ನ ತಿಂದಿದ್ದಾ?”

“ಅದರ ತಂಗಿ ಅನ್ಬಹುದು. ಇದು ಇವರೂರ ಕಡೇದು. ಈ ಹೊಳೇಲಿ ಇಲ್ಲ.”

“ಇವಳು ಹಸಿ ತುಂಡು ಮುಟ್ಟಲ್ಲ! ಹನ್ನೊಂದು ವರ್ಷದಲ್ಲಿ ಒಂದ್ಸಲ ಬಾಯಿಗಿಟ್ಟಿದ್ರೆ ಕೇಳು. ಬೇಯಿಸಿದ್ದಾ, ಬೇಯಿಸಿದ್ದಾ ಅಂತ ನನ್ನ ತಲೆ ತಿಂತಾಳೆ.”

“ಇಲ್ಲಿಗೆ ಬರೋ ಮುಂಚೆ ತಿಂದಿದ್ರೂ ಸಾಕು.”

“ಅಪ್ಪ ಕೊಡ್ತಿದ್ರು,” ಹ್ವಾಯ್ ನಲ್ಲಿ ನಿಲ್ಲಿಸಿದಳು. ಅವಳ ಮಾತು ಒಂದೊಂದೇ ಮೆಟ್ಟಿಲು ಇಳಿದಂತೆ ಬರುತ್ತಿತ್ತು. “ಕೆರೆ ಮೀನು. ನಿಂಬೆ ಹಿಂಡಿ, ಕಡಲೆಕಾಯಿ ಪುಡಿ ಹಾಕಿ. ಚಿಕ್ಕೋಳಿದ್ದಾಗ.”

“ಹನೋಯಿ ಕಡೆ ಆಗಿದ್ರೆ ನಮ್ಮ ಹುಳಾನೇ ಇರ್ತಿತ್ತು,” ಎಂದಳು ಇನ್‌ಸಿಲ್. “ಇದು ಇನ್ನೂ ಕೆಳಗಿಂದು.”

ಹ್ವಾಯ್ ಥಟ್ಟನೆ ನಕ್ಕಳು. “ನಾನು ಹನೋಯಿ ನೋಡೇ ಇಲ್ಲ ಮೇಡಂ. ಫೂ ಯೆನ್‌ನೋಳು ನಾನು. ಹನೋಯಿ ಅಲ್ಲಿಂದ ಸಾವಿರ ಕಿಲೋಮೀಟರು. ಇವರೇ ಹಾಗೆ ಕರೀತಾರೆ.”

“ನಗೋದು ಆಮೇಲೆ!” ಜಿಂಜಮ್ಮ ಗದರಿದಳು. “ಹುಳ ಸಾಯುತ್ತಾ ಸಾಯಲ್ವಾ, ಅದು ಹೇಳಮ್ಮ.”

“ಸಾಯುತ್ತೆ. ಆರು ಮಾತ್ರೆ. ಒಂದೇ ದಿನ, ಮೂರು ಸಲ. ಸ್ವಲ್ಪ ತಲೆ ತಿರುಗುತ್ತೆ, ಅಷ್ಟೇ.” ಇನ್‌ಸಿಲ್ ಚೀಲದಿಂದ ಮಾತ್ರೆಯ ಪೊಟ್ಟಣ ತೆಗೆದು ಮಂಚದ ಮೇಲಿಟ್ಟಳು.

ಜಿಂಜಮ್ಮನ ಭುಜ ಇಳಿಯಿತು. “ನನ್ನ ಹೆಸರಲ್ಲೂ ಇದೆ ಅಂದ್ಯಲ್ಲ, ಆ ಪಾಲೂ ಇವಳಿಗೇ ಕೊಡು. ಎರಡರಷ್ಟು ನುಂಗಿದ್ರೆ ಬುಡಸಮೇತ ಹೋಗುತ್ತೆ.”

“ಹಾಗೆ ನುಂಗೋ ಹಾಗಿಲ್ಲ.” ಇನ್‌ಸಿಲ್ ಖಾಲಿ ಡಬ್ಬಿಯೊಂದನ್ನು ತೆಗೆದು ಮಾತ್ರೆಗಳ ಪಕ್ಕ ಇಟ್ಟಳು. “ಅಮ್ಮಾ, ನಂಗೆ ನಿಮ್ಮದು ಬೇಕು. ನಾಳೆ ಹತ್ತು ಗಂಟೆ ಒಳಗೆ ಸಿಕ್ಕಿದ್ರೆ ಬುಧವಾರ ಗೊತ್ತಾಗುತ್ತೆ. ಗುರುವಾರ ಸ್ಕ್ಯಾನ್ ಡಾಕ್ಟರು ಬರ್ತಾರೆ. ಆ ಕೈ ತೋರಿಸ್ಬೇಕು ಅವರಿಗೆ.”

ಜಿಂಜಮ್ಮ ಅಂಗಿಯ ತೋಳನ್ನು ಬೆರಳವರೆಗೆ ಎಳೆದುಕೊಂಡಳು. ಅವಳು ಮಾತಾಡಿದ್ದು ಹೆಚ್ಚುಮಣೆಯ ಜೊತೆ.

“ನಾಲ್ಕನೇ ಕ್ಲಾಸು. ನಾನು ನನ್ನದೇ ತಗೊಂಡು ಹೋಗಿದ್ದೆ. ಬೇರೆಯವ್ರದು ತರಬಹುದು ಅಂತಾನೇ ಗೊತ್ತಿರ್ಲಿಲ್ಲ ನಂಗೆ, ಪೆದ್ದು. ಹುಳ ಇದೆ ಅಂತ ಬಂತು. ಎಲ್ಲರ ಮುಂದೆ ನಿಲ್ಲಿಸಿ ಮಾತ್ರೆ ತಿನ್ಸಿದ್ರು. ಅದು ತಿಂದ್ರೆ ಆಕಾಶ ಎಲ್ಲಾ ಹಳದಿ ಕಾಣೋದು. ಮಾರನೇ ದಿನ ಎಷ್ಟು ಬಿತ್ತು ಅಂತ ಎಣಿಸ್ಕೊಂಡು ಬಂದು ಹೇಳ್ಬೇಕು. ನಾನು ಎಣಿಸ್ಕೊಂಡು ಹೋಗಿ ನಿಜ ಹೇಳ್ದೆ. ನಲವತ್ತೇಳು. ಮೇಷ್ಟ್ರು ಬೋರ್ಡ್ ಮೇಲೆ ದೊಡ್ಡದಾಗಿ ಬರೆದ್ರು. ಸ್ಕೂಲು ಬಿಡೋವರ್ಗೂ ಯಾರೂ ನನ್ನ ಹೆಸರು ಹಿಡಿದು ಕರೀಲಿಲ್ಲ. ಏ ನಲವತ್ತೇಳು, ಬಾ. ಏ ನಲವತ್ತೇಳು, ಹೋಗು.”

“ಆಮೇಲೆ?”

“ಆಮೇಲೇನು. ಗೆಳತಿದು ತಗೊಂಡು ಹೋದೆ. ಎಲ್ಲಾರೂ ಅದೇ ಮಾಡ್ತಿದ್ರು, ಒಬ್ಬಳದ್ದು ಐದು ಜನಕ್ಕೆ. ಇಲ್ಲಿ ಬಂದ್ಮೇಲೆ ನಾದಿನಿದು. ಅವಳು ಪುಸಾನಿಗೆ ಹೋದ್ಮೇಲೆ ಇವಳದು. ಇವಳು ಏನೂ ತಿನ್ನಲ್ಲ, ಶುದ್ಧ ಅಂತ ತಿಳ್ಕೊಂಡಿದ್ದೆ.” ಸೊಸೆಯನ್ನು ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದಳು. “ನಮ್ಮನೆಯವ್ರು ಮಾತ್ರ ತಮ್ಮದೇ ಕೊಟ್ರು. ಹುಡುಕಿದ್ರು, ಸಿಕ್ತು. ಸಿಕ್ಕಿದ ಮೇಲೆ ಆರು ತಿಂಗಳು ಇದ್ರು. ಹುಡುಕದೇ ಇದ್ದಿದ್ರೆ ಬಲೆ ಹಾಕ್ತಾ ಹಾಕ್ತಾ ಹೋಗಿರೋರು. ತಗೊಂಡು ಹೋಗಮ್ಮ ಆ ಡಬ್ಬೀನ.”

ಇನ್‌ಸಿಲ್‌ಗೆ ಉತ್ತರ ಗೊತ್ತಿತ್ತು. ಅವರದು ಸಿಕ್ಕಿದ್ದು ತಡವಾಗಿ, ಹತ್ತು ವರ್ಷ ಮೊದಲೇ ಸಿಕ್ಕಿದ್ದರೆ ಆರು ಮಾತ್ರೆ ಸಾಕಾಗುತ್ತಿತ್ತು ಎಂಬುದು. ಆ ಹತ್ತು ವರ್ಷ ಹೊಳೆಸಾಲಿನ ಡಬ್ಬಿಗಳನ್ನೆಲ್ಲ ನೋಡಿದವಳು ತಾನೇ ಎಂಬುದೂ ಗೊತ್ತಿತ್ತು.

ಹ್ವಾಯ್ ಮಂಚದ ಬಳಿ ಬಂದಳು. ಮಾತ್ರೆಯ ಪೊಟ್ಟಣವನ್ನು ಒಂದು ಬೆರಳಿನಿಂದ ಇನ್‌ಸಿಲ್‌ಳ ಕಡೆಗೆ ತಳ್ಳಿದಳು.

“ನಾನು ತಿನ್ನಲ್ಲ.”

“ಏನಂದೆ?” ಜಿಂಜಮ್ಮ ತಲೆಯೆತ್ತಿದಳು.

“ಅತ್ತೆ ಕೊಡೋವರ್ಗೂ ನಾನು ನುಂಗಲ್ಲ.”

“ಯಾರನ್ನ ಹೆದರಿಸ್ತಿದೀಯೇ? ನಾನು ಹೋಗೋ ವಯಸ್ಸಿನೋಳು. ನಿಂಗೆ ಸ್ಕೂಲಿಗೆ ಹೋಗೋ ಮಗಳಿದಾಳೆ!”

“ಇರ್ಲಿ.”

“ನಿನ್ನ ಗಂಡಂಗೆ ಫೋನ್ ಮಾಡ್ತೀನಿ ನೋಡು ಈಗ.”

“ಮಾಡಿ. ಏನಂತ ಹೇಳ್ತೀರ?” ಹ್ವಾಯ್ ಮಂಚದ ಅಂಚಿಗೆ ಕೂತು ತಲೆಯ ಬಟ್ಟೆ ಬಿಚ್ಚಿ ಮಡಚತೊಡಗಿದಳು. ಮಡಚುವುದು ಮುಗಿದರೂ ಮಡಚುತ್ತಲೇ ಇದ್ದಳು. “ಹತ್ತು ವರ್ಷ, ವರ್ಷಕ್ಕೊಂದ್ಸಲ, ಅತ್ತೆ ಡಬ್ಬಿ ಕೊಟ್ರು, ನಾನು ಎರಡೂ ತುಂಬಿಸ್ದೆ. ಯಾಕೆ ಅಂತ ಕೇಳ್ಲಿಲ್ಲ. ಮೊದಲ ವರ್ಷ, ಇದು ಈ ದೇಶದ ಪದ್ಧತಿ ಅಂದ್ಕೊಂಡಿದ್ದೆ. ಸೊಸೆದು ಕೊಡ್ಬೇಕೇನೋ ಅಂತ.”

ಇನ್‌ಸಿಲ್‌ಗೆ ತಡೆಯಲಾಗದೆ ನಗು ಬಂತು. ಕೆಮ್ಮಿದಂತೆ ಮಾಡಿದಳು. ಜಿಂಜಮ್ಮನ ತುಟಿಯೂ ಒಂದು ಕಡೆ ಎಳೆಯಿತು. ಆದರೆ ಅವಳು ಚಾಕುವನ್ನು ಎತ್ತಿಕೊಂಡು, “ನಿನ್ನ ಹಟ ನಿನಗೆ,” ಎಂದು ಮೀನಿನ ತಲೆಯನ್ನು ಒಂದೇ ಏಟಿಗೆ ಬೇರೆ ಮಾಡಿದಳು. ಧ್ವನಿವರ್ಧಕದಲ್ಲಿ ಯಜಮಾನನ ದನಿ ಎದುರಿನ ಗುಡ್ಡಕ್ಕೆ ಬಡಿದು ಬಂತು: ಲಾರಿ ಮೂರು ಗಂಟೆಗೆ, ಒದ್ದೆ ಚಿಗುರು ತರಬೇಡಿ, ಒದ್ದೆ ಚಿಗುರು ತರಬೇಡಿ.

ಮಾತ್ರೆಗಳನ್ನು ತನ್ನೆದುರಿಗೇ ನುಂಗಬೇಕೆಂಬುದು ನಿಯಮ. ಇನ್‌ಸಿಲ್ ಅವನ್ನು ಚೀಲಕ್ಕೆ ಹಾಕಿಕೊಂಡಳು. ಖಾಲಿ ಡಬ್ಬಿಯನ್ನು ಮಾತ್ರ ಅಲ್ಲೇ ಬಿಟ್ಟಳು.

ಮಂಗಳವಾರ ಅವಳು ಏಳೂವರೆಗೇ ಕೇಂದ್ರಕ್ಕೆ ಬಂದು ಬಾಗಿಲು ತೆರೆದಳು. ಮೊದಲ ಬಸ್ಸಿನಿಂದ ಇಳಿದವರು ಸಕ್ಕರೆ ಕಾಯಿಲೆಯ ಇಬ್ಬರು ಮುದುಕರು. ಒಂಬತ್ತು ಗಂಟೆಯ ಬಸ್ಸಿನಿಂದ ಯಾರೂ ಇಳಿಯಲಿಲ್ಲ. ಅವ್ವನಂಥವಳ ಗುಟ್ಟನ್ನು ಸೊಸೆಯ ಮುಂದೆ ಎಳೆದು ಹಾಕಿದ್ದು ಸರಿಯಾಯಿತೆ? ಅವಳೊಬ್ಬಳನ್ನೇ ಕರೆದು ಕೇಳಬೇಕಾಗಿತ್ತೆ? ಹ್ವಾಯ್ ನಿಜವಾಗಿಯೂ ಮಾತ್ರೆ ನುಂಗದೆ ಕೂತರೆ, ಎರಡು ಜೀವ. ಕೊಳವೆಗಳಿಗೆ ದ್ರಾವಣ ತುಂಬಿಸುವಾಗ ಎಣಿಕೆ ತಪ್ಪಿತು. ಚೆಲ್ಲಿ ಮೊದಲಿನಿಂದ ತುಂಬಿಸಿದಳು. ಒಂದು ಕೊಳವೆಯನ್ನು ಖಾಲಿ ಬಿಟ್ಟು, ಅದರ ಮುಚ್ಚಳದ ಮೇಲೆ ಏನೂ ಬರೆಯಲಿಲ್ಲ.

ಒಂಬತ್ತೂ ಮುಕ್ಕಾಲಿಗೆ ಬಸ್ಸು ನಿಂತ ಸದ್ದಾಯಿತು. ಕಿಟಕಿಗೆ ಹೋದಳು. ಹ್ವಾಯ್ ಮೊದಲು ಇಳಿದು ಕೈ ಚಾಚಿದಳು. ಜಿಂಜಮ್ಮ ಆ ಕೈಯನ್ನು ತಳ್ಳಿ ತಾನೇ ಇಳಿದಳು. ಮದುವೆ ಮನೆಗೆ ಹೋಗುವ ನೇರಳೆ ಅಂಗಿ ಹಾಕಿಕೊಂಡಿದ್ದಳು. ಒಳಗೆ ಬಂದವಳೇ ಕೈಚೀಲ ತೆರೆದು ಡಬ್ಬಿಯನ್ನು ಮೇಜಿನ ಮೇಲೆ ಕುಟ್ಟಿದಂತೆ ಇಟ್ಟಳು.

ಖಾಲಿ.

“ಮನೇಲಿ ತುಂಬ್ಕೊಂಡು ಬಂದಿದ್ರೆ ನೀನು ನಂಬ್ತಿದ್ಯಾ?” ಜಿಂಜಮ್ಮ ಕೇಳಿದಳು. “ನಾನಾಗಿದ್ರೆ ನಂಬ್ತಿರ್ಲಿಲ್ಲ. ಕಕ್ಕಸು ಎಲ್ಲಿ?”

ಕಾರಿಡಾರಿನ ಕೊನೆಯ ಬಾಗಿಲನ್ನು ಇನ್‌ಸಿಲ್ ತೋರಿಸಿದಳು. ಜಿಂಜಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹ್ವಾಯ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಇನ್‌ಸಿಲ್ ಅವಳ ಕೈಗೆ ಎರಡು ಮಾತ್ರೆ, ಒಂದು ಲೋಟ ನೀರು ಕೊಟ್ಟಳು. ಅವಳು ಹಿಡಿದುಕೊಂಡಳು, ನುಂಗಲಿಲ್ಲ.

“ಯಾರಾದ್ರೂ ಇದ್ದಾರಾ ಆಚೆ?” ಒಳಗಿನಿಂದ ದನಿ.

“ಇಲ್ಲ ಅತ್ತೆ. ನಾನು, ಮೇಡಂ.”

“ಆ ಹುಳದೋಳನ್ನ ಅತ್ತ ಹೋಗೋಕೆ ಹೇಳು. ನಲ್ಲಿ ಬಿಡು. ಜೋರಾಗಿ.”

ಹ್ವಾಯ್ ಕೈ ತೊಳೆಯುವ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಇನ್‌ಸಿಲ್ ನಾಲ್ಕು ಹೆಜ್ಜೆ ಆಚೆ ಹೋಗಿ, ಅಲ್ಲಿ ಗೋಡೆಗೆ ಅಂಟಿಸಿದ್ದ ರಕ್ತದೊತ್ತಡದ ಚಿತ್ರವನ್ನು ಓದುವಂತೆ ನಿಂತಳು. ಐದು ನಿಮಿಷವಾಯಿತು. ಹತ್ತಾಯಿತು.

“ಬರ್ತಿಲ್ಲ ಕಣೇ.”

“ನಿಧಾನ ಅತ್ತೆ.”

“ನೀನು ಅಲ್ಲೇ ಕಂಬದ ಹಾಗೆ ನಿಂತಿದ್ರೆ ಹೇಗೆ ಬರುತ್ತೆ?”

“ಹೋಗ್ಲಾ ಹಾಗಾದ್ರೆ?”

ನೀರು ಸುರಿಯುತ್ತಿತ್ತು.

“ಬೇಡ. ಅಲ್ಲೇ ಇರು.”

ಹ್ವಾಯ್ ತನ್ನ ಭಾಷೆಯಲ್ಲಿ ಏನೋ ಮೆಲ್ಲಗೆ ಹಾಡಿಕೊಂಡಂತೆ ಹೇಳತೊಡಗಿದಳು. ಮಗುವಿಗೆ ಹೇಳುವಂಥದ್ದು ಇರಬೇಕು. ಒಳಗಿನಿಂದ “ಏನದು, ನನ್ನ ಬೈತಿದೀಯಾ?” ಎಂದು ಕೇಳಿ ಬಂತು, “ಹೂಂ ಅತ್ತೆ,” ಎಂದು ಹ್ವಾಯ್ ಮತ್ತೆ ಮುಂದುವರಿಸಿದಳು. ಸಕ್ಕರೆ ಕಾಯಿಲೆಯ ಮುದುಕರಲ್ಲೊಬ್ಬ ಕಾರಿಡಾರಿನೊಳಗೆ ಕಾಲಿಟ್ಟ. ಇನ್‌ಸಿಲ್ ಅವನ ತೋಳು ಹಿಡಿದು ತಿರುಗಿಸಿ ಕಳಿಸಿದಳು.

ಚಿಲಕ ತೆಗೆದ ಸದ್ದಾಯಿತು. ಜಿಂಜಮ್ಮ ಹಣೆಯ ಬೆವರೊರೆಸಿಕೊಳ್ಳುತ್ತಾ ಹೊರಗೆ ಬಂದಳು. ಕಾಗದದ ಕರವಸ್ತ್ರದಲ್ಲಿ ನಾಲ್ಕು ಸುತ್ತು ಸುತ್ತಿದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅದನ್ನು ಕೊಡುವ ಮೊದಲು ಸೊಸೆಯ ಕಡೆ ಗಲ್ಲ ಎತ್ತಿದಳು.

“ನುಂಗು. ನಾನು ನೋಡ್ಬೇಕು.”

ಹ್ವಾಯ್ ಎರಡು ಮಾತ್ರೆಯನ್ನೂ ಬಾಯಿಗೆ ಹಾಕಿಕೊಂಡು, ಲೋಟವನ್ನು ಖಾಲಿ ಮಾಡಿ, ನಾಲಿಗೆ ಚಾಚಿ ತೋರಿಸಿದಳು. ಜಿಂಜಮ್ಮ ಬಗ್ಗಿ ಎಡಕ್ಕೂ ಬಲಕ್ಕೂ ನೋಡಿ ತಲೆಯಾಡಿಸಿದಳು. ಆಮೇಲೆ ಡಬ್ಬಿಯನ್ನು ಇನ್‌ಸಿಲ್‌ಳ ಕೈಗೆ ಹಾಕಿ, ಅವಳ ಮುಖ ನೋಡದೆ, ಬಸ್ಸು ಕಾಣುವ ಬೆಂಚಿನ ಮೇಲೆ ಹೋಗಿ ಕೂತಳು. ಹ್ವಾಯ್ ನಲ್ಲಿ ನಿಲ್ಲಿಸಿ ಹೋಗಿ ಪಕ್ಕದಲ್ಲಿ ಕೂತಳು. ಜಿಂಜಮ್ಮ ಅಂಗಿಯ ತೋಳನ್ನು ಮೇಲಕ್ಕೆ ಮಡಚಿ, ಮುಂಗೈಯನ್ನು ಸೊಸೆಯ ತೊಡೆಯ ಮೇಲಿಟ್ಟಳು. ಹ್ವಾಯ್ ಉಗುರು ತಾಗದ ಹಾಗೆ ಅಂಗೈಯಿಂದ ಅದನ್ನು ಸವರತೊಡಗಿದಳು.

ಇನ್‌ಸಿಲ್ ಒಳಗೆ ಬಂದು ಬಾಗಿಲು ಮುಚ್ಚಿದಳು. ಹೊಸ ಕೈಗವಸು ಹಾಕಿಕೊಂಡು, ಸುತ್ತು ಬಿಚ್ಚಿ, ಡಬ್ಬಿಯನ್ನು ಅಂಗೈಯಲ್ಲಿ ಹಿಡಿದಳು. ಕೈಗವಸಿನ ಮೇಲಿಂದಲೂ ಅದು ಬೆಚ್ಚಗಿತ್ತು.